ಜೋನಿಬೆಲ್ಲದಲ್ಲಿ ಒಂದು ಹನಿ ಎಣ್ಣೆ

ಕಾರವಾರದ ಬೈತಖೋಲ್ ಬಂದರಿನಲ್ಲಿ ಹಳೆಯ ಬಲೆ, ಹಗ್ಗ ನೋಡಿರುತ್ತೀರಿ. ಕೆಲವು ನೈಲಾನ್, ಕೆಲವು ಪಾಲಿಎಥಿಲೀನ್. ಎರಡನ್ನೂ ಒಟ್ಟಿಗೆ ಕರಗಿಸಿದರೆ ಒಂದೇ ಪ್ಲಾಸ್ಟಿಕ್ ಆಗಬೇಕಲ್ವಾ? ಆಗುವುದಿಲ್ಲ. ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಉಳಿಯುತ್ತದೆ. ಆ ಹನಿ ಎಷ್ಟು ದೊಡ್ಡದು, ದುಂಡಗಿದೆಯೋ ದಾರದಂತಿದೆಯೋ ಎನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಕರಗಿದಾಗಿನ ಹರಿವು. ಮಾಲು ಗಟ್ಟಿಯೋ ಪೊಳ್ಳೋ ಎನ್ನುವುದು ಬಹುಮಟ್ಟಿಗೆ ಆ ಹನಿಗಳ ಮೇಲೆ ನಿಂತಿದೆ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಶಿರಸಿ ಕಡೆಯ ಜೋನಿಬೆಲ್ಲ (ಜೇನಿನಂತೆ ಸುರಿಯುವ ದ್ರವ ಬೆಲ್ಲ) ಮತ್ತು ತೆಂಗಿನೆಣ್ಣೆ ಸಾಕು. ಬೆಲ್ಲದಲ್ಲಿ ಹರಳು ಇರಬಾರದು.

ಮೊದಲು ಬಿಳಿ ತಟ್ಟೆಯಲ್ಲಿ ತೆಳ್ಳಗೆ ಜೋನಿಬೆಲ್ಲ ಹರಡಿ, ಒಂದು ಹನಿ ಎಣ್ಣೆ ಬಿಡಿ. ಚಮಚದ ತುದಿಯಿಂದ ಒಂದೇ ದಿಕ್ಕಿಗೆ ಎಳೆಯಿರಿ. ಹನಿ ಉದ್ದವಾಗುತ್ತದೆ, ದಾರವಾಗುತ್ತದೆ. ಈಗ ಕೈ ನಿಲ್ಲಿಸಿ. ದಾರ ಅಲ್ಲಲ್ಲಿ ಸಣ್ಣಗಾಗಿ, ತುಂಡಾಗಿ, ಸಾಲು ಮಣಿಗಳಾಗುತ್ತದೆ. ಈ ಕ್ಷಣವನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಹರಿವು ಹನಿಯನ್ನು ಎಳೆಯುತ್ತದೆ, ಹನಿಯ ಮೇಲ್ಮೈ ಬಿಗಿತ ಅದನ್ನು ದುಂಡಗೆ ಮಾಡಲು ಹೆಣಗುತ್ತದೆ. ಎಳೆತ ಗೆದ್ದರೆ ಹನಿ ದಾರವಾಗುತ್ತದೆ; ಎಳೆತ ನಿಂತಾಗ ಅದೇ ಬಿಗಿತ ದಾರವನ್ನು ಮಣಿಗಳಾಗಿ ಒಡೆಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಿ. ಐ. ಟೇಲರ್ 1934ರಲ್ಲಿ ಎಳೆತ-ಬಿಗಿತದ ಈ ಲೆಕ್ಕವನ್ನು ಪರೀಕ್ಷಿಸಿದ್ದೂ ಸಕ್ಕರೆ ಪಾಕದಲ್ಲಿ ಎಣ್ಣೆ ಹನಿ ಬಿಟ್ಟೇ.

ಮುಂದೆ, ಒಂದು ಬಟ್ಟಲಿನಲ್ಲಿ ಎರಡು ಚಮಚ ಬೆಲ್ಲಕ್ಕೆ ಅರ್ಧ ಚಮಚ ಎಣ್ಣೆ ಹಾಕಿ ಜೋರಾಗಿ ಕಲಸಿ. ಬಣ್ಣ ಮಾಸುತ್ತದೆ. ಹನಿಗಳು ತೀರಾ ಸಣ್ಣವಾಗಿ ಬೆಳಕನ್ನು ಚದುರಿಸುವುದೇ ಕಾರಣ. ಆಮೇಲೆ ಬಹಳ ನಿಧಾನವಾಗಿ ಕಲಸುತ್ತಾ ಹೋದರೆ ಹನಿಗಳು ಒಂದಕ್ಕೊಂದು ತಾಗಿ ಕೂಡಿಕೊಳ್ಳುತ್ತವೆ, ಮತ್ತೆ ದೊಡ್ಡವಾಗುತ್ತವೆ. ಕಲಸಿದಷ್ಟೂ ಸಣ್ಣಗಾಗುತ್ತದೆ ಎನ್ನುವುದು ಸುಮ್ನೆ ನಂಬಿಕೆ.

ಹನಿಯೇ ಹೊರಗಿನ ದ್ರವಕ್ಕಿಂತ ಮಂದವಾಗಿದ್ದರೆ? ಸುಮಾರು 4 ಪಟ್ಟು ದಾಟಿದರೆ, ಪದರದ ಮೇಲೆ ಪದರ ಜಾರುವ ಹರಿವು ಎಷ್ಟೇ ಜೋರಾಗಿದ್ದರೂ ಹನಿ ಒಡೆಯದು. ಅಲ್ಲೇ ಗಿರಕಿ ಹೊಡೆಯುತ್ತದೆ. ಆಗ ಹಿಗ್ಗಿಸಿ ಎಳೆಯುವ ಹರಿವು ಬೇಕು. ಕರಗಿದ ಪ್ಲಾಸ್ಟಿಕ್ ಕಿರಿದಾಗುತ್ತಾ ಹೋಗುವ ದಾರಿಯಲ್ಲಿ ನುಗ್ಗುವಾಗ ಇಂಥ ಎಳೆತ ಸಿಗುತ್ತದೆ.

ಕೊನೆಗೆ ಎರಡು ಬಟ್ಟಲಲ್ಲಿ ಜೋರಾಗಿ ಕಲಸಿ, ಒಂದನ್ನು ಕೂಡಲೇ ಫ್ರಿಜ್ಜಿನಲ್ಲಿಡಿ, ಇನ್ನೊಂದು ಹೊರಗೆ ಬೆಚ್ಚಗಿನ ಜಾಗದಲ್ಲಿರಲಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಶಿರಸಿಯಲ್ಲಿ ಫ್ರಿಜ್ ಕೂಡ ಬೇಡವಾದೀತು. ಮರುದಿನ ಹೊರಗಿನ ಬಟ್ಟಲಲ್ಲಿ ಎಣ್ಣೆ ಮೇಲೆ ತೇಲಿರುತ್ತದೆ. ಫ್ರಿಜ್ಜಿನದರಲ್ಲಿ ಸಣ್ಣ ಹನಿಗಳು ಇದ್ದಲ್ಲೇ ಗಟ್ಟಿಯಾಗಿರುತ್ತವೆ.

ಕಾರ್ಖಾನೆಯಲ್ಲೂ ಕರಗಿದ ಮಿಶ್ರಣ ಎಳೆಯಾಗಿ ಹೊರಬಂದ ಕೂಡಲೇ ನೀರಿನ ತೊಟ್ಟಿಗೆ ಇಳಿಯುತ್ತದೆ. ತಣ್ಣಗಾಗಲು ತಡವಾದರೆ ಹನಿಗಳು ಕೂಡಿಕೊಳ್ಳುತ್ತವೆ. ಬೇಗ ತಣಿದರೆ ದಾರಗಳು ದಾರಗಳಾಗಿಯೇ ಉಳಿಯುತ್ತವೆ. ಅಂಥ ಮಾಲನ್ನು ಉದ್ದಕ್ಕೆ ಜಗ್ಗಿದರೆ ಗಟ್ಟಿ, ಅಡ್ಡಕ್ಕೆ ಎಳೆದರೆ ಬೇಗ ಸೀಳುತ್ತದೆ.