ಟ್ಯೂಬಿನ ಹಿಂಭಾಗ ಓದಲು ಕಲಿತದ್ದು

ಮೊದಲ ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಹಲ್ಲಿನ ಸಾಮಾನು ಸೇರಿತ್ತು. ಹಲ್ಲು ಮಾತ್ರ ಇನ್ನೂ ಒಂದೂ ಬಂದಿರಲಿಲ್ಲ. ಬೆರಳಿಗೆ ಹಾಕಿಕೊಳ್ಳುವ ಸಿಲಿಕೋನ್ ಬ್ರಶ್, ಮಗು ಕಚ್ಚಲು ಕೊಡುವ ಮೂರು ಟೀದರ್, ಒಸಡಿಗೆ ಹಚ್ಚುವ ಜೆಲ್, ಒತ್ತಿದರೆ ಲೈಟ್ ಹತ್ತುವ ಬ್ರಶ್, ಕರಡಿಮರಿ ಚಿತ್ರದ ಕೆಳಗೆ ‘ನುಂಗಿದರೂ ಭಯವಿಲ್ಲ’ ಎಂದು ಬರೆದಿದ್ದ ಪೇಸ್ಟ್. ಎರಡನೆಯವನು ಹುಟ್ಟುವ ವೇಳೆಗೆ ಇದರಲ್ಲಿ ಮುಕ್ಕಾಲು ಪಾಲು ಕಸಕ್ಕೆ ಹೋಗಿತ್ತು.

ಬುದ್ಧಿ ಬಂದದ್ದು ಮಗಳಿಗೆ ಎರಡು ವರ್ಷ ದಾಟಿದ ಮೇಲೆ. ಒಂದು ದಿನ ಮುಖ ತೊಳೆಸುವಾಗ ಅವಳ ಮೇಲ್ದುಟಿ ಎತ್ತಿ ನೋಡಿದೆ. ಮುಂದಿನ ಎರಡು ಹಲ್ಲಿನ ಬುಡದಲ್ಲಿ, ಒಸಡಿಗೆ ಅಂಟಿದ ಹಾಗೆ, ಸೀಮೆಸುಣ್ಣದಲ್ಲಿ ಎಳೆದಂತೆ ಒಂದು ಬಿಳಿ ಗೆರೆ. ಹಾಲಿನ ಕಲೆ ಅಂದುಕೊಂಡು ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಒರೆಸಿ ಹಲ್ಲು ಒಣಗಿದಾಗ ಇನ್ನೂ ಎದ್ದು ಕಂಡಿತು.

ಹಲ್ಲಿನ ಡಾಕ್ಟರ್ ಹತ್ತಿರ ಪೇಸ್ಟಿನ ಟ್ಯೂಬನ್ನೂ ತೆಗೆದುಕೊಂಡು ಹೋಗಿದ್ದೆ. ಅವರು ಕರಡಿಮರಿಯನ್ನು ನೋಡಲೇ ಇಲ್ಲ. ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ, "ಇದರಲ್ಲಿ ಫ್ಲೋರೈಡೇ ಇಲ್ಲವಲ್ಲಮ್ಮ" ಅಂದರು. ಆಮೇಲೆ "ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗ್ತಾಳಾ?" ಅಂತ ಕೇಳಿದರು. ಹೌದು, ಮಲಗುತ್ತಿದ್ದಳು.

ಆ ಬಿಳಿ ಗೆರೆಯೇ ಹುಳುಕಿನ ಮೊದಲ ಹೆಜ್ಜೆಯಂತೆ. ಬಾಯಲ್ಲಿ ಉಳಿದ ಸಕ್ಕರೆಯನ್ನು, ಹಾಲಿನಲ್ಲಿರುವ ಸಕ್ಕರೆಯೂ ಸೇರಿ, ಬ್ಯಾಕ್ಟೀರಿಯಾಗಳು ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲಿನ ಖನಿಜವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಹಗಲಲ್ಲಾದರೆ ಜೊಲ್ಲು ಅದನ್ನು ತೊಳೆಯುತ್ತದೆ, ನಿದ್ದೆಯಲ್ಲಿ ಜೊಲ್ಲು ಕಮ್ಮಿ. ಕಳೆದುಹೋದ ಖನಿಜ ಮತ್ತೆ ಕೂರಲು ಫ್ಲೋರೈಡ್ ಸಹಾಯ ಮಾಡುತ್ತದೆ. ನಮ್ಮ ಪುಣ್ಯ, ಇನ್ನೂ ತೂತು ಬಿದ್ದಿರಲಿಲ್ಲ. ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ (ವಾರ್ನಿಶ್) ಹಚ್ಚಿದರು, ಬಾಟಲಿ ಬಿಡಿಸಿದೆವು (ಅದು ಬೇರೆಯೇ ಕತೆ, ನಾಲ್ಕು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ), ಗೆರೆ ಅಲ್ಲಿಗೇ ನಿಂತಿತು. ಒಂದನೇ ಹುಟ್ಟುಹಬ್ಬದೊಳಗೇ ಒಮ್ಮೆ ತೋರಿಸಬೇಕು ಅನ್ನುವುದೂ ನನಗೆ ಅವತ್ತೇ ಗೊತ್ತಾದದ್ದು.

ಅಂದಿನಿಂದ ನಾನು ಪೇಸ್ಟ್ ಕೊಳ್ಳುವ ರೀತಿಯೇ ಬದಲಾಯಿತು. ಮುಂದಿನ ಚಿತ್ರ ನೋಡುವುದಿಲ್ಲ, ಹಿಂದೆ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಂತ ಹುಡುಕುತ್ತೇನೆ. 1000ದ ಆಸುಪಾಸು ಇರಬೇಕು. ಅದಕ್ಕಿಂತ ತುಂಬ ಕಮ್ಮಿ ಇರುವ ಮಕ್ಕಳ ಪೇಸ್ಟುಗಳೂ ಇರುತ್ತವೆ, ಅವು ಹುಳುಕು ತಡೆಯುವುದರಲ್ಲಿ ಅಷ್ಟಕ್ಕಷ್ಟೇ. ‘ನೈಸರ್ಗಿಕ’ ಎಂಬ ಪದ ಕಂಡರೆ ಈಗ ನನಗೆ ಅನುಮಾನವೇ ಜಾಸ್ತಿ.

ಹಾಗಾದರೆ ಮಗು ನುಂಗಿದರೆ? ಅದಕ್ಕೇ ಅಳತೆ ಇರುವುದು. ಮೂರು ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು. ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಅಕ್ಕಿಕಾಳಿನಷ್ಟು ಅಂದರೆ ಸುಮಾರು 0.1 ಗ್ರಾಂ ಪೇಸ್ಟ್. 1000 ಪಿಪಿಎಂ ಆದರೆ ಅದರಲ್ಲಿರುವ ಫ್ಲೋರೈಡ್ ಬರೀ 0.1 ಮಿಲಿಗ್ರಾಂ. ಅಷ್ಟೂ ಹೊಟ್ಟೆಗೆ ಹೋದರೂ ಗಾಬರಿಯಾಗಬೇಕಿಲ್ಲ. ಆದರೆ ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ ಉದ್ದಕ್ಕೂ ಅಲೆಅಲೆಯಾಗಿ ಹಾಕಿ, ಅದನ್ನು ದಿನಾ ನುಂಗುತ್ತಾ ಹೋದರೆ, ಒಳಗೆ ತಯಾರಾಗುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಮಚ್ಚೆ ಮೂಡಬಹುದು. ಟ್ಯೂಬಿನ ಬಾಯಿ ಅಗಲ ಇದ್ದರೆ ಒತ್ತಿದಾಗ ಬೇಕಾದ್ದಕ್ಕಿಂತ ಹೆಚ್ಚೇ ಬೀಳುತ್ತದೆ, ಹಾಗಾಗಿ ನಾನು ಮೊದಲು ನನ್ನ ಬೆರಳ ತುದಿಗೆ ತೆಗೆದುಕೊಂಡು ಅಲ್ಲಿಂದ ಬ್ರಶ್ಶಿಗೆ ಒತ್ತಿ ಎಳೆಗಳ ಸಂದಿಗೆ ಇಳಿಸುತ್ತೇನೆ. ಮೇಲೆ ಉಂಡೆಯಾಗಿ ಕೂತರೆ ಮಗ ಮೊದಲು ಅದನ್ನೇ ನೆಕ್ಕಿ ಬಾಯಿ ಮುಚ್ಚಿಬಿಡುತ್ತಾನೆ, ಆಮೇಲೆ ಉಜ್ಜುವುದು ಒಣ ಬ್ರಶ್ಶಿನಲ್ಲಿ.

ರುಚಿಯ ವಿಷಯದಲ್ಲಿ ನಾನು ಎರಡೂ ಕಡೆ ಎಡವಿದ್ದೇನೆ. ಪುದೀನಾದ್ದು ತಂದರೆ ‘ಖಾರ’ ಅಂತ ಅಳು. ಮಿಠಾಯಿಯಂಥದ್ದು ತಂದರೆ ಒಂದು ದಿನ ಮಗಳು ಟ್ಯೂಬನ್ನೇ ಹೀರುತ್ತಾ ಮಂಚದ ಕೆಳಗೆ ಕೂತಿದ್ದಳು. ಈಗ ಸಪ್ಪೆ ರುಚಿಯದ್ದು ತಂದು ಕೈಗೆ ಸಿಗದಷ್ಟು ಎತ್ತರದಲ್ಲಿ ಇಡುತ್ತೇವೆ.

ಬ್ರಶ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ. ತಲೆ ಚಿಕ್ಕದು, ಎಳೆ ಮೆತ್ತಗೆ, ಹಿಡಿ ದೊಡ್ಡವರ ಕೈಗೆ ಹಿಡಿತ ಸಿಗುವಷ್ಟು ಉದ್ದ. ಉಜ್ಜುವವಳು ನಾನು ತಾನೇ? ಏಳೆಂಟು ವರ್ಷದವರೆಗೂ ಅವರ ಕೈಗೆ ಅಷ್ಟು ನೇರ್ಪು ಬರುವುದಿಲ್ಲ. ಬೆರಳಿನ ಬ್ರಶ್ ಮೊದಲ ಎರಡು ಹಲ್ಲಿನ ತನಕ ಚೆನ್ನ, ನಾಲ್ಕಾದ ಮೇಲೆ ಕಚ್ಚಿಸಿಕೊಂಡು ನೀವೇ ಬಿಡುತ್ತೀರಿ. ನನಗೆ ಹೊಳೆದ ಒಳ್ಳೆಯ ಉಪಾಯ ಒಂದೇ: ಎರಡು ಬ್ರಶ್ ಇಡುವುದು. ಒಂದು ಮಗ ಹಿಡಿದುಕೊಂಡು ಅಗಿಯಲು, ಇನ್ನೊಂದು ನಾನು ಉಜ್ಜಲು. ಅಗಿಯುವುದು ವಾರಗಳಲ್ಲೇ ಪೊರಕೆಯಾಗುತ್ತದೆ, ಉಜ್ಜುವುದು ಮೂರು ತಿಂಗಳು ಬರುತ್ತದೆ.

ಆ ಜೆಲ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಬೇಡ. ಒಸಡು ಮರಗಟ್ಟಿಸುವ ಇಂಥ ಕೆಲವು ಜೆಲ್‌ಗಳಲ್ಲಿ ಬೆಂಜೊಕೇನ್ ಇರುತ್ತದೆ. ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಅಪರೂಪಕ್ಕೆ ಅಪಾಯ ಆಗುವಷ್ಟು ಕುಗ್ಗಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಹೇಳಿ, ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬೇಡಿ ಎಂದಿತು. ಅಷ್ಟಕ್ಕೂ ಸುರಿಯುವ ಜೊಲ್ಲಿನಲ್ಲಿ ಜೆಲ್ ನಿಲ್ಲುವುದೆಷ್ಟು ಹೊತ್ತು? ಹಲ್ಲು ಬರುವ ನೋವಿಗೆ ಕೊರಳಿಗೆ ಕಟ್ಟುವ ಮಣಿಸರಗಳೂ ಬೇಡ, ಕತ್ತಿಗೆ ಬಿಗಿಯಬಹುದು, ಕಿತ್ತು ಬಂದ ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಗನಿಗೆ ಇದ್ದದ್ದು ಒಂದೇ ಟೀದರ್, ಒಳಗೆ ನೀರು ತುಂಬಿರದ, ಪೂರ್ತಿ ರಬ್ಬರಿನದು. ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಕೊಡುತ್ತಿದ್ದೆವು, ಫ್ರೀಜರಿನಲ್ಲಲ್ಲ, ಕಲ್ಲಿನಂತಾದರೆ ಒಸಡಿಗೇ ಪೆಟ್ಟು.

ಮೌತ್‌ವಾಶ್ ಆರು ವರ್ಷದೊಳಗೆ ಬೇಕಿಲ್ಲ. ಹಲ್ಲಿನ ಸಂದಿ ಶುಚಿ ಮಾಡುವ ದಾರ, ಅಂದರೆ ಫ್ಲಾಸ್, ಬೇಕಾಗುವುದು ಹಲ್ಲುಗಳು ಒಂದಕ್ಕೊಂದು ತಾಗಿದಾಗ. ಮಗಳ ಹಿಂದಿನ ಹಾಲುಹಲ್ಲುಗಳು ಒತ್ತಾಗಿದ್ದವು, ಅದಕ್ಕೆ ಹಿಡಿ ಇರುವ ಫ್ಲಾಸ್ ಸುಲಭವಾಯಿತು. ‘ಹಾಲುಹಲ್ಲು ಹೇಗೂ ಬೀಳೋದೇ ಅಲ್ವಾ’ ಅನ್ನುವವರು ಸಿಗುತ್ತಲೇ ಇರುತ್ತಾರೆ. ಮುಂದಿನವು ಬೀಳುತ್ತವೆ, ನಿಜ. ಆದರೆ ಹಾಲಿನ ದವಡೆ ಹಲ್ಲು ಹತ್ತು ಹನ್ನೆರಡು ವರ್ಷದ ತನಕ ಅಲ್ಲೇ ಇರಬೇಕು.

ಮಗಳಿಗೆ ಈಗ ಏಳು. ಹೋದ ವರ್ಷ ಉಜ್ಜುವಾಗ ಕೆಳಗಿನ ಸಾಲಿನ ಕೊನೆಗೆ ಏನೋ ತಗುಲಿತು. ಟಾರ್ಚ್ ಬಿಟ್ಟು ನೋಡಿದರೆ ಹೊಸ ದವಡೆ ಹಲ್ಲು, ಶಾಶ್ವತವಾದದ್ದು. ಹಳೆಯದು ಯಾವುದೂ ಬೀಳದೆ, ಎಲ್ಲದರ ಹಿಂದೆ ಸದ್ದಿಲ್ಲದೆ ಬಂದಿತ್ತು. ಪಕ್ಕದ್ದಕ್ಕಿಂತ ತಗ್ಗಿನಲ್ಲಿರುವುದರಿಂದ ನೇರ ಉಜ್ಜಿದರೆ ಬ್ರಶ್ ಅದನ್ನು ಮುಟ್ಟುವುದೇ ಇಲ್ಲ. ಈಗ ಬಾಯಿ ಅರ್ಧ ಮುಚ್ಚಿಸಿ, ಕೆನ್ನೆಯ ಪಕ್ಕದಿಂದ ಬ್ರಶ್ ಅಡ್ಡ ತೂರಿಸಿ ಅದೊಂದನ್ನೇ ಹತ್ತು ಎಣಿಸುವ ತನಕ ಉಜ್ಜುತ್ತೇನೆ. ಎಣಿಸುವ ಕೆಲಸ ಅವಳ ತಮ್ಮನದು, ಏಳಾದ ಮೇಲೆ ಅವನು ಮತ್ತೆ ಐದಕ್ಕೆ ಬರುತ್ತಾನೆ.