ಮಿಠಾಯಿ ಮುಂದೆ ಕಾದು ಕೂತ ಮಗು: ಅಧ್ಯಯನವೊಂದನ್ನು ಒರೆಗೆ ಹಚ್ಚುವುದು ಹೇಗೆ?

ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಒಂದು ವಿಡಿಯೊ ತೋರಿಸಿದರು. ಪುಟ್ಟ ಮಗುವಿನ ಎದುರಿನ ತಟ್ಟೆಯಲ್ಲಿ ಒಂದು ಮಾರ್ಷ್‌ಮ್ಯಾಲೋ, ಅಂದರೆ ಹತ್ತಿಯಷ್ಟು ಮೆತ್ತಗಿನ ಸಕ್ಕರೆ ಮಿಠಾಯಿ. ‘ನಾನು ವಾಪಸ್ ಬರೋ ತನಕ ತಿನ್ನದೆ ಇದ್ರೆ ಎರಡು ಕೊಡ್ತೀನಿ’ ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಕಾದ ಮಕ್ಕಳೇ ಮುಂದೆ ಹೆಚ್ಚು ಅಂಕ ತೆಗೆದರು, ಬಾಳಿನಲ್ಲೂ ಗೆದ್ದರು ಎಂದರು ಅಂದಿನ ಭಾಷಣಕಾರರು. ಪಕ್ಕದಲ್ಲಿದ್ದ ತಾಯಿಯೊಬ್ಬರು ಮುಖ ಸಣ್ಣ ಮಾಡಿಕೊಂಡು, ‘ನಮ್ಮವನಂತೂ ಒಂದು ನಿಮಿಷ ಕಾಯಲ್ಲ ರೀ’ ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಮೂಲ ಪ್ರಬಂಧವನ್ನೇ ಹುಡುಕಿ ಓದಿದೆ. ಓದಿದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿಟ್ಟಿದ್ದೇನೆ. ಮಕ್ಕಳು, ಮದುವೆ, ಮತದಾನ, ಮೊಬೈಲ್ ಚಟ, ಯಾವುದರ ಬಗೆಗಿನ ಅಧ್ಯಯನವಾದರೂ ಇದೇ ದಾರಿಯಲ್ಲಿ ಹೋಗಬಹುದು.

ಮೊದಲು ಮೂಲವನ್ನು ಹಿಡಿಯಿರಿ

ಸುದ್ದಿ, ವಿಡಿಯೊ, ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲ ಕೈಯಿಂದ ಕೈಗೆ ದಾಟಿ ಬಂದ ಮಾತುಗಳು. ಸಂಶೋಧಕರ ಹೆಸರು ಮತ್ತು ವರ್ಷ ಗೊತ್ತಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಪ್ರಬಂಧ ಸಿಗುತ್ತದೆ. ದುಡ್ಡು ಕೇಳಿದರೆ ಲೇಖಕರ ಸ್ವಂತ ಪುಟದಲ್ಲಿ ನೋಡಿ, ಇಲ್ಲವೇ ಅವರಿಗೇ ಇಮೇಲ್ ಮಾಡಿ. ಎಷ್ಟೋ ಜನ ಸಂತೋಷದಿಂದ ಕಳಿಸುತ್ತಾರೆ. ಸಾರಾಂಶ ಓದಿದ ಮೇಲೆ ಕೊನೆಯ ತೀರ್ಮಾನಕ್ಕೆ ಹಾರಬೇಡಿ. ನಡುವೆ ‘ವಿಧಾನ’ ಎಂಬ ಭಾಗವಿರುತ್ತದೆ. ಬೇಸರ ತರಿಸುವ ಭಾಗ ಅದು, ಆದರೆ ಅಧ್ಯಯನದ ಜೀವ ಇರುವುದೇ ಅಲ್ಲಿ.

ಅವರು ನಿಜಕ್ಕೂ ಕೇಳಿದ ಪ್ರಶ್ನೆ ಯಾವುದು?

ಈ ಪ್ರಯೋಗಗಳನ್ನು ಮಾಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಮತ್ತು ಸಂಗಡಿಗರು, 1968ರಿಂದ 1974ರವರೆಗೆ. ಆಗ ಅವರ ಕುತೂಹಲ ಇದ್ದದ್ದು ಮಕ್ಕಳು ಹೇಗೆ ಕಾಯುತ್ತಾರೆ ಎಂಬುದರಲ್ಲಿ. ತಿಂಡಿಯನ್ನು ಮುಚ್ಚಿಟ್ಟರೆ ಏನಾಗುತ್ತದೆ, ಬೇರೇನನ್ನಾದರೂ ನೆನೆಸಿಕೋ ಎಂದರೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಯಾವ ಮಗು ಮುಂದೆ ಗೆಲ್ಲುತ್ತದೆ ಎಂಬ ಪ್ರಶ್ನೆ ಬಂದದ್ದು ವರ್ಷಗಳ ಬಳಿಕ, ಅದೇ ಮಕ್ಕಳ ಮನೆಗಳಿಗೆ ಪ್ರಶ್ನಾವಳಿ ಕಳಿಸಿದಾಗ. ಒಂದು ಪ್ರಶ್ನೆಗೆಂದು ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದ್ದಾರೆಂದು ತಿಳಿದರೆ ಮುಂದಿನ ಪುಟಗಳನ್ನು ಹೆಚ್ಚು ಎಚ್ಚರದಿಂದ ಓದುತ್ತೇವೆ.

ಎಣಿಸಿ, ಕೊನೆಯ ತನಕ ಎಣಿಸಿ

ನಾನು ಅತಿ ಹೆಚ್ಚು ಹೊತ್ತು ಕೂತದ್ದು ಈ ಹೆಜ್ಜೆಯಲ್ಲಿ. ಅಧ್ಯಯನಕ್ಕೆ ಎಷ್ಟು ಜನ ಸೇರಿದರು ಎಂಬುದೊಂದು ಸಂಖ್ಯೆ. ತೀರ್ಮಾನ ಎಷ್ಟು ಜನರ ಮೇಲೆ ನಿಂತಿದೆ ಎಂಬುದೇ ಬೇರೆ ಸಂಖ್ಯೆ. ಪೆನ್ಸಿಲ್ ಹಿಡಿದು ಬರೆದುಕೊಳ್ಳಿ.

ಆ ಪ್ರಶ್ನಾವಳಿಯ ಫಲಿತಾಂಶ ಹೇಳುವ, ಮಿಷೆಲ್ ಮತ್ತು ಸಂಗಡಿಗರ 1990ರ ಪ್ರಬಂಧದ ಪ್ರಕಾರ ಮಿಠಾಯಿ ಮುಂದೆ ಕೂತ ಮಕ್ಕಳು 653. ಪ್ರಶ್ನಾವಳಿಗೆ ಉತ್ತರ ಬಂದದ್ದು 185 ಮಕ್ಕಳ ಬಗ್ಗೆ. ಅವರಲ್ಲಿ ಕಾಲೇಜು ಪ್ರವೇಶದ ‘ಸ್ಯಾಟ್’ ಪರೀಕ್ಷೆಯ ಅಂಕ ಸಿಕ್ಕಿದ್ದು 94 ಮಂದಿಯದು. ತಿಂಡಿ ಕಣ್ಣೆದುರೇ ಇದ್ದು, ಕಾಯುವ ಉಪಾಯವನ್ನು ಯಾರೂ ಹೇಳಿಕೊಡದೆ ಇದ್ದ ಮಕ್ಕಳಲ್ಲಿ ಮಾತ್ರ ಕಾಯುವಿಕೆಗೂ ಅಂಕಕ್ಕೂ ಗಟ್ಟಿ ನಂಟು ಕಂಡಿತು. ಅಂಥವರು 35. ಜಗತ್ತನ್ನೆಲ್ಲ ಸುತ್ತಿದ ಆ ಮಾತು ನಿಂತಿರುವುದು ಒಂದು ತರಗತಿಯಷ್ಟು ಮಕ್ಕಳ ಮೇಲೆ!

ಅವರ ಗಣಿತದ ಅಂಕಕ್ಕೂ ಕಾಯುವ ಸಮಯಕ್ಕೂ ಇದ್ದ ಸಹಸಂಬಂಧ 0.57. ಸೊನ್ನೆ ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು. 0.57 ದೊಡ್ಡದೇ. ಆದರೆ 35 ಮಕ್ಕಳಿಂದ ಬಂದ ಸಂಖ್ಯೆ ತುಂಬ ತೂಗಾಡುತ್ತದೆ. ಲೆಕ್ಕ ಹಾಕಿ ನೋಡಿದರೆ ನಿಜವಾದ ನಂಟು ಸುಮಾರು 0.3ರಿಂದ 0.76ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಪ್ರಬಂಧದಲ್ಲಿ ಒಂದೇ ಸಂಖ್ಯೆ ಕಂಡಾಗಲೆಲ್ಲ ಅದರ ಹಿಂದುಮುಂದಿನ ಈ ಅಂತರವನ್ನು ಕೇಳಿ.

ಯಾರ ಮನೆಯ ಮಕ್ಕಳು?

ವಿಶ್ವವಿದ್ಯಾಲಯದ ಆವರಣದಲ್ಲೇ ಇದ್ದ ಬಿಂಗ್ ಶಿಶುವಿಹಾರದ ಮಕ್ಕಳು. ಹೆಚ್ಚಿನವರು ಓದಿಕೊಂಡವರ ಮನೆಯಿಂದ ಬಂದವರು. ಅವರ ಫಲಿತಾಂಶವನ್ನು ಅಮೆರಿಕದ ಎಲ್ಲ ಮಕ್ಕಳಿಗೆ ಹೊಂದಿಸುವುದೇ ಕಷ್ಟ, ಇನ್ನು ರಾಯಚೂರಿನ ಅಂಗನವಾಡಿಗೆ ಹೊಂದಿಸುವುದು ಹೇಗೆ?

ಜೊತೆಗಿದ್ದದ್ದೆಲ್ಲ ಕಾರಣವಲ್ಲ

ಕಾಯುವ ಮಗು ಹೆಚ್ಚು ಅಂಕ ತೆಗೆಯಿತು ಎಂದರೆ ಕಾದದ್ದರಿಂದಲೇ ಅಂಕ ಬಂತು ಎಂದಾಗುವುದಿಲ್ಲ. ಎರಡಕ್ಕೂ ಹಿಂದೆ ಮೂರನೆಯದೊಂದು ನಿಂತಿರಬಹುದು: ಮನೆಯ ಆದಾಯ, ತಾಯಿಯ ಓದು, ಮನೆಯಲ್ಲಿರುವ ಪುಸ್ತಕ, ಮಗುವಿನ ಜೊತೆ ಆಡುವ ಮಾತು.

ಇದನ್ನು ಪರೀಕ್ಷಿಸಿದವರು ಟೈಲರ್ ವಾಟ್ಸ್, ಗ್ರೆಗ್ ಡಂಕನ್ ಮತ್ತು ಹಾವೊನಾನ್ ಕ್ವಾನ್. 2018ರ ಅವರ ಪ್ರಬಂಧದಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇತ್ತು. ಮುಖ್ಯವಾಗಿ ನೋಡಿದ್ದು ಕಾಲೇಜು ಪದವಿ ಇಲ್ಲದ ತಾಯಂದಿರ ಮಕ್ಕಳನ್ನು. ನಂಟು ಇತ್ತು, ಆದರೆ ಮೊದಲಿನದರ ಅರ್ಧದಷ್ಟು. ಮನೆಯ ಹಿನ್ನೆಲೆ, ಪರಿಸರ ಮತ್ತು ಮಗುವಿನ ಮೊದಲಿನ ಬುದ್ಧಿಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅರ್ಧದಲ್ಲೂ ಮೂರನೇ ಎರಡು ಭಾಗ ಕರಗಿತು. ಉಳಿದ ವ್ಯತ್ಯಾಸವೂ ಹೆಚ್ಚಾಗಿ 20 ಸೆಕೆಂಡಾದರೂ ಕಾದವರಿಗೂ ಅಷ್ಟೂ ಕಾಯದವರಿಗೂ ನಡುವಿನದು.

ಹೀಗೆ ಬೇರೆಯವರು ಮತ್ತೆ ಮಾಡಿ ನೋಡಿದ್ದಾರೆಯೇ ಎಂದು ಯಾವಾಗಲೂ ಹುಡುಕಿ. 2015ರಲ್ಲಿ 100 ಮನಶ್ಶಾಸ್ತ್ರ ಅಧ್ಯಯನಗಳನ್ನು ಹಲವು ತಂಡಗಳು ಸೇರಿ ಮರುಪರೀಕ್ಷಿಸಿದಾಗ ಬರೀ ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರ ಕೇಳುವ ಮಟ್ಟಕ್ಕೆ ಮತ್ತೆ ನಿಂತ ಫಲಿತಾಂಶಗಳು ಸುಮಾರು ಶೇ 36 ಮಾತ್ರ. ಹಣ ಕೊಟ್ಟವರು ಯಾರು, ಏನನ್ನು ಅಳೆಯುತ್ತೇವೆಂದು ಮೊದಲೇ ನೋಂದಾಯಿಸಿದ್ದರೇ ಎಂಬುದನ್ನೂ ನೋಡಿ. ಇವೆರಡಕ್ಕೆ ಐದು ನಿಮಿಷ ಸಾಕು.

ಅಳೆದದ್ದು ಏನನ್ನು?

ನನಗೆ ಅತಿ ಪ್ರಿಯವಾದ ಪ್ರಶ್ನೆ ಇದು. ಮಿಠಾಯಿ ಪರೀಕ್ಷೆ ಅಳೆಯುವುದು ಮನೋನಿಗ್ರಹವನ್ನೋ, ನಂಬಿಕೆಯನ್ನೋ? 2013ರಲ್ಲಿ ಪ್ರಕಟವಾದ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರ ಅಧ್ಯಯನದಲ್ಲಿ 28 ಮಕ್ಕಳಿದ್ದರು. ಒಂದು ಗುಂಪಿಗೆ, ಒಳ್ಳೆಯ ಬಣ್ಣದ ಕಡ್ಡಿ ತಂದುಕೊಡ್ತೀನಿ ಎಂದವರು ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಲಿ ಬಂದು, ಕ್ಷಮಿಸು, ಇಲ್ಲ ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು, ಇನ್ನೊಂದು ಗುಂಪಿನವರು ಸುಮಾರು 3 ನಿಮಿಷ. ಇದೂ ಸಣ್ಣ ಅಧ್ಯಯನವೇ, ಇದಕ್ಕೂ ಮೇಲಿನ ಪ್ರಶ್ನೆಗಳನ್ನೆಲ್ಲ ಕೇಳಬೇಕು. ಆದರೂ ದೊಡ್ಡವರು ಮಾತು ತಪ್ಪುವ ಮನೆಯಲ್ಲಿ ಬೆಳೆದ ಮಗು ಕೈಗೆ ಸಿಕ್ಕಿದ್ದನ್ನು ಕೂಡಲೇ ತಿಂದರೆ ಅದು ಜಾಣತನವೇ ಎಂದು ನನಗನಿಸುತ್ತದೆ.

2022ರ ಇನ್ನೊಂದು ಅಧ್ಯಯನದಲ್ಲಿ ಜಪಾನಿನ ಮಕ್ಕಳು ತಿಂಡಿಗಾಗಿ ಹೆಚ್ಚು ಹೊತ್ತು ಕಾದರು, ಅಮೆರಿಕದ ಮಕ್ಕಳು ಉಡುಗೊರೆಯ ಪೊಟ್ಟಣ ಬಿಚ್ಚಲು. ಯಾವುದಕ್ಕೆ ಕಾದು ರೂಢಿಯೋ ಅದಕ್ಕೆ ಕಾದರು. ಗಣೇಶನ ಹಬ್ಬದಲ್ಲಿ ನೈವೇದ್ಯ ಆಗುವ ತನಕ ಕಡುಬಿನ ತಟ್ಟೆಯತ್ತ ನೋಡುತ್ತ ಕೂರುವ ನಮ್ಮ ಮಕ್ಕಳನ್ನು ನೆನೆದಾಗ ಇದು ಇನ್ನಷ್ಟು ಅರ್ಥವಾಯಿತು.

1990ರ ಪ್ರಬಂಧದ ಲೇಖಕರೇ ಕೊನೆಯಲ್ಲಿ, ಬೇರೆ ಮಕ್ಕಳ ಮೇಲೆ ಮತ್ತೆ ಮಾಡಿ ನೋಡದೆ ಇದನ್ನು ಎಲ್ಲರಿಗೂ ಅನ್ವಯಿಸಬಾರದೆಂದು ಎಚ್ಚರಿಸಿದ್ದಾರೆ. ಅಂಥ ‘ಮಿತಿಗಳು’ ಭಾಗವನ್ನು ಬಿಡದೆ ಓದಿ. ಮಿಠಾಯಿ ಪರೀಕ್ಷೆಯ ಈ ನಾಲ್ಕು ಪ್ರಬಂಧಗಳ ಸಾರವನ್ನು ಕನ್ನಡದಲ್ಲಿ ಒಂದು ಹಾಳೆಗಿಳಿಸಿ ಮುಂದಿನ ಪೋಷಕರ ಸಭೆಗೆ ಒಯ್ಯುತ್ತಿದ್ದೇನೆ. ಮೊದಲ ಪ್ರತಿ ಆ ತಾಯಿಗೆ.