ಒಂದೇ ಹಿತ್ತಿಲಲ್ಲಿ ಕುದುರೆ ಮತ್ತು ಕೋಳಿ: ಸಾಕುವ ಬಗೆ

ಒಂದು ಕುದುರೆ, ಹತ್ತು ಹದಿನೈದು ಕೋಳಿ. ಇಷ್ಟನ್ನು ಒಂದೇ ಆವರಣದಲ್ಲಿ ಸಾಕುವುದು ಕಷ್ಟವೇನಲ್ಲ. ಕುದುರೆ ಚೆಲ್ಲಿದ ಕಾಳನ್ನು ಕೋಳಿ ಹೆಕ್ಕುತ್ತದೆ, ಲದ್ದಿ ಕೆದರಿ ನೊಣದ ಹುಳು ತಿನ್ನುತ್ತದೆ, ಎರಡರ ಗೊಬ್ಬರವೂ ಸೇರಿ ತೋಟಕ್ಕೆ ಹೋಗುತ್ತದೆ. ಇದರಲ್ಲಿ ಕೋಳಿಗೆ ನಷ್ಟ ಕಡಿಮೆ. ಅಪಾಯವೆಲ್ಲ ಕುದುರೆಗೆ. ಕೋಳಿಯ ತಿಂಡಿ, ಕೋಳಿಯ ಹಿಕ್ಕೆ, ಸತ್ತ ಕೋಳಿ, ಈ ಮೂರರಲ್ಲಿ ಯಾವುದು ಕುದುರೆಯ ಬಾಯಿಗೆ ಹೋದರೂ ಕೆಡುಕೇ. ಲಾಯ ಎಲ್ಲಿರಬೇಕು, ಗೂಡು ಎಲ್ಲಿರಬೇಕು, ಯಾವುದನ್ನು ಎಷ್ಟು ಹೊತ್ತಿಗೆ ಬಿಡಬೇಕು ಎಂಬುದನ್ನೆಲ್ಲ ಇದನ್ನು ನೋಡಿಯೇ ಗೊತ್ತುಮಾಡಬೇಕು.

ಇಲ್ಲಿ ಕೊಟ್ಟ ಅಳತೆಗಳು ಸುಮಾರು 300 ಕೆಜಿ ತೂಗುವ ಕುದುರೆಗೆ, ಅಂದರೆ ಟಾಂಗಾಕ್ಕೆ ಹೂಡುವ, ಮೆರವಣಿಗೆಗೆ ಒಯ್ಯುವ ಗಾತ್ರದ್ದಕ್ಕೆ. ಮಾರವಾಡಿ, ಕಾಠಿಯಾವಾಡಿ ತಳಿಯ ದೊಡ್ಡ ಕುದುರೆಯಾದರೆ ತೂಕಕ್ಕೆ ತಕ್ಕಂತೆ ಏರಿಸಿಕೊಳ್ಳಿ.

ಕೋಳಿ ತಿಂಡಿಯ ಚೀಲ

ಅಂಗಡಿಯ ಕೋಳಿ ತಿಂಡಿಯಲ್ಲಿ, ಅದರಲ್ಲೂ ಮರಿಗಳ ಮತ್ತು ಬ್ರಾಯ್ಲರ್ ತಿಂಡಿಯಲ್ಲಿ, ರಕ್ತಭೇದಿ ಬರದಿರಲೆಂದು ಔಷಧ ಬೆರೆಸಿರುವುದುಂಟು. ಮೊನೆನ್ಸಿನ್, ಸಲಿನೊಮೈಸಿನ್, ಮದುರಾಮೈಸಿನ್, ನರಾಸಿನ್, ಲಾಸಲೋಸಿಡ್ ಎಂಬ ಹೆಸರುಗಳನ್ನು ಚೀಲದ ಚೀಟಿಯಲ್ಲಿ ಹುಡುಕಿ. ಕೋಳಿಗೆ ರಕ್ಷಣೆಯಾಗುವ ಇದೇ ಔಷಧ ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಮೊನೆನ್ಸಿನ್ನಿನ ಮಾರಕ ಪ್ರಮಾಣ ಕೋಳಿಗೆ ದೇಹತೂಕದ ಕೆಜಿಗೆ ಸುಮಾರು 200 ಮಿಲಿಗ್ರಾಂ, ಕುದುರೆಗೆ 2ರಿಂದ 3 ಮಿಲಿಗ್ರಾಂ ಮಾತ್ರ. ಸಲಿನೊಮೈಸಿನ್ ಇನ್ನೂ ಕೆಟ್ಟದ್ದು, ಕೆಜಿಗೆ 0.6 ಮಿಲಿಗ್ರಾಂ ಸಾಕು. ತಿಂಡಿಗೆ ಅದನ್ನು ಕೆಜಿಗೆ 60 ಮಿಲಿಗ್ರಾಂ ಬೆರೆಸಿದ್ದರೆ, 300 ಕೆಜಿಯ ಕುದುರೆಯ ಜೀವಕ್ಕೆ ಎರವಾಗಲು 3 ಕೆಜಿ ತಿಂಡಿ ಸಾಕು. ಬಾಗಿಲು ತೆರೆದಿದ್ದರೆ ಒಂದು ಕುದುರೆ ಒಂದೇ ಹೊತ್ತಿಗೆ ಅಷ್ಟನ್ನು ಮುಗಿಸಬಲ್ಲದು. ಬೆವರು, ಹಿಂಗಾಲಿನ ತಡವರಿಕೆ, ಹೊಟ್ಟೆನೋವು, ವೇಗದ ನಾಡಿ, ಕಂದು ಮೂತ್ರ ಇದರ ಗುರುತುಗಳು. ಪ್ರತಿವಿಷವಿಲ್ಲ. ಬದುಕಿದರೂ ಹೃದಯ ಕೆಟ್ಟಿರಬಹುದು. ಅಂಥ ಕುದುರೆಯ ಮೇಲೆ ಸವಾರಿ ಮಾಡಿದರೆ ಓಡುವಾಗಲೇ ಕುಸಿಯುವ ಭಯವಿದೆ.

ಕೋಳಿ ತಿಂಡಿಯನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿ, ಹುರುಳಿ ಇಡುವ ಕೋಣೆಯಲ್ಲಲ್ಲದೆ ಬೇರೆ ಕೋಣೆಯಲ್ಲಿ, ಬೀಗ ಹಾಕಿ ಇಡಿ. ಅಳೆಯುವ ಡಬ್ಬ ಬೇರೆ ಇರಲಿ, ಗುರುತಿಗೆ ಕೆಂಪು ದಾರ ಕಟ್ಟಿ. ಕೋಳಿ ತಿಂಡಿಯ ಖಾಲಿ ಚೀಲದಲ್ಲಿ ಹುರುಳಿ, ಬೂಸ ತುಂಬಿಡಲೇಬೇಡಿ. ಚೀಲ ಬಿಸಾಡಲು ಮನಸ್ಸಾಗದೆ ಎಲ್ಲರೂ ಮಾಡುವ ತಪ್ಪು ಇದು. ದನದ ಹಿಂಡಿಯಲ್ಲೂ ಮೊನೆನ್ಸಿನ್ ಇರುವುದುಂಟು, ಅದನ್ನೂ ಚೀಟಿ ಓದದೆ ಕುದುರೆಗೆ ಹಾಕಬಾರದು.

ಬೆಳೆದ ಕೋಳಿಗಳಿಗೆ ತಿಂಡಿಯನ್ನು ಮನೆಯಲ್ಲೇ ಬೆರೆಸಿಕೊಂಡರೆ ಈ ಭಯವೇ ಇರುವುದಿಲ್ಲ. ಮೊಟ್ಟೆಯಿಡುವ ಕೋಳಿಗೆ 10 ಕೆಜಿಯ ಲೆಕ್ಕ: ಮೆಕ್ಕೆಜೋಳದ ನುಚ್ಚು 5 ಕೆಜಿ, ಸೋಯಾ ಹಿಂಡಿ 2.5 ಕೆಜಿ, ಅಕ್ಕಿ ತೌಡು 1.5 ಕೆಜಿ, ಕಪ್ಪೆಚಿಪ್ಪಿನ ಪುಡಿ 700 ಗ್ರಾಂ, ಖನಿಜ ಮಿಶ್ರಣ 250 ಗ್ರಾಂ, ಉಪ್ಪು 50 ಗ್ರಾಂ. ಹದಿನೈದು ದಿನಕ್ಕೆ ಆಗುವಷ್ಟನ್ನೇ ಬೆರೆಸಿ, ಮಳೆಗಾಲದಲ್ಲಿ ತೌಡು ಬೇಗ ಕಮಟುತ್ತದೆ. ಪೂರ್ತಿ ಗೂಡಿನಲ್ಲೇ ಇರುವ ಕೋಳಿಗೆ ದಿನಕ್ಕೆ 110 ಗ್ರಾಂ ಬೇಕು, ಹೊರಗೆ ಮೇಯುವುದಕ್ಕೆ ಸಂಜೆ 50 ಗ್ರಾಂ ಸಾಕು. ಬೂಸ್ಟು ಹಿಡಿದ ಮೆಕ್ಕೆಜೋಳವನ್ನು ಎರಡಕ್ಕೂ ಹಾಕಬೇಡಿ. ಕುದುರೆಗಂತೂ ಅದರ ವಿಷ ಮಿದುಳಿಗೆ ಏರುತ್ತದೆ.

ಲಾಯ, ಗೂಡು, ಬೇಲಿ

ಲಾಯ 12 ಅಡಿ ಉದ್ದ, 12 ಅಡಿ ಅಗಲ ಇರಲಿ, ತಟ್ಟುವಿಗೆ 10 ಅಡಿ ಸಾಕು. ನೆಲ ಬಾಗಿಲ ಕಡೆಗೆ ತುಸು ಇಳಿಜಾರಾಗಿದ್ದರೆ ಮೂತ್ರ ನಿಲ್ಲುವುದಿಲ್ಲ. ಮೂತ್ರ ನಿಂತ ಹಾಸಿನ ಮೇಲೆ ದಿನಗಟ್ಟಲೆ ನಿಂತ ಕುದುರೆಯ ಗೊರಸಿನ ಅಡಿ ಕೊಳೆತು ಕಪ್ಪಗೆ ನಾರುತ್ತದೆ. ಗಾಳಿ ಮೇಲಿನಿಂದ ಆಡಲಿ.

ಕೋಳಿಗೂಡು ಲಾಯದಿಂದ ಇಪ್ಪತ್ತು ಅಡಿಯಾದರೂ ದೂರವಿರಬೇಕು, ಕುದುರೆ ಅಡ್ಡಾಡುವ ಅಂಗಳದ ಹೊರಗಿರಬೇಕು. ರಾತ್ರಿಗೆ ಮಾತ್ರ ಬಳಸುವ ಗೂಡಿನಲ್ಲಿ ಕೋಳಿಯೊಂದಕ್ಕೆ 2 ಚದರ ಅಡಿ, ಕೂರುವ ಅಡ್ಡದಲ್ಲಿ 8 ಅಂಗುಲ, ನಾಲ್ಕೈದು ಹೇಂಟೆಗೆ ಒಂದು ಅಡಿ ಉದ್ದ ಅಗಲದ ಒಂದು ಮೊಟ್ಟೆಪೆಟ್ಟಿಗೆ. ಮುಂಗುಸಿ, ಕಾಡುಬೆಕ್ಕು ಬಾರದಂತೆ ಅರ್ಧ ಅಂಗುಲದ ಬೆಸುಗೆ ಜಾಲರಿ ಹಾಕಿ, ಅದನ್ನು ಒಂದು ಅಡಿ ನೆಲದೊಳಕ್ಕೂ ಇಳಿಸಿ. ಗೂಡಿಗೂ ಕುದುರೆಯ ಅಂಗಳಕ್ಕೂ ನಡುವೆ ಮರದ ಅಡ್ಡಪಟ್ಟಿಯ ಬೇಲಿ ಬೇಕು, ಕೆಳಗೆ ಕೋಳಿ ನುಸುಳಲು ಒಂದಡಿ ಸಂದು ಬಿಟ್ಟಿರಬೇಕು. ಬರೀ ಕೋಳಿಜಾಲರಿಯ ಬೇಲಿ ಕುದುರೆಗೆ ಆಗದು, ಗೊರಸು ಸಿಕ್ಕಿಕೊಂಡರೆ ಎಳೆದಾಡಿ ಕಾಲಿನ ಚರ್ಮ ಸುಲಿದುಕೊಳ್ಳುತ್ತದೆ. ಮುಳ್ಳುತಂತಿ ಇನ್ನೂ ಕೆಟ್ಟದ್ದು. ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಗಲುವುದಿಲ್ಲ, ಲಸಿಕೆ ಹಾಕಿಸದ ಕುದುರೆಗೆ ಮೊಳೆ ಚುಚ್ಚಿದ ಗಾಯವೂ ಸಾವು ತರಬಹುದು.

ಬೇಲಿಸಾಲಿನಲ್ಲಿ ಕಣಗಿಲೆ, ಹರಳುಗಿಡ, ಲಂಟಾನ ಇದ್ದರೆ ಬುಡಸಮೇತ ಕಿತ್ತುಹಾಕಿ. ಒಣಗಿದ ಕಣಗಿಲೆ ಎಲೆಯೂ ಅಷ್ಟೇ ವಿಷ.

ಕೋಳಿಗಳು ಲಾಯದ ತೊಲೆಯ ಮೇಲೆ ಮಲಗುವ ಅಭ್ಯಾಸ ಮಾಡಿಕೊಂಡರೆ ಬಿಡಿಸುವುದು ಕಷ್ಟ. ನೋಡಲು ಚೆಂದವಿರಬಹುದು, ಆದರೆ ಹಿಕ್ಕೆ ನೇರವಾಗಿ ಗೋದಲಿಗೆ, ನೀರಿನ ತೊಟ್ಟಿಗೆ ಬೀಳುತ್ತದೆ. ಅದರಲ್ಲಿ ಸಾಲ್ಮೊನೆಲ್ಲಾ ರೋಗಾಣು ಇದ್ದರೆ ಕುದುರೆಗೆ ಜೋರು ಭೇದಿ. ಜೊತೆಗೆ ಕೋಳಿಯ ಕೆಂಪು ನುಸಿ ಹಗಲಲ್ಲಿ ಮರದ ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರಲು ಇಳಿಯುತ್ತದೆ, ಕೆಳಗೆ ನಿಂತ ಕುದುರೆಯನ್ನೂ ಬಿಡುವುದಿಲ್ಲ. ರಾತ್ರಿಯೆಲ್ಲ ಕಾಲು ಕುಟ್ಟುತ್ತ, ಗೋಡೆಗೆ ಮೈ ಉಜ್ಜಿ ಕೂದಲು ಕಳೆದುಕೊಂಡ ಕುದುರೆಯಿದ್ದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ತೊಲೆಯ ಸಂದುಗಳನ್ನು ನೋಡಿ. ಕೋಳಿಗಳನ್ನು ಸತತ ಹತ್ತು ರಾತ್ರಿ ಎತ್ತಿ ಗೂಡಿಗೆ ಹಾಕಿ, ತೊಲೆಯ ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿಯಿರಿ.

ಕುದುರೆಗೆ ಏನು, ಎಷ್ಟು

ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಬರುವುದೂ ಇಲ್ಲ. ಅದಕ್ಕೆ ದಿನವಿಡೀ ಸ್ವಲ್ಪ ಸ್ವಲ್ಪವೇ ಹುಲ್ಲು ಬೇಕು, ಕಾಳು ಕಡಿಮೆ ಬೇಕು. ದಿನಕ್ಕೆ ರಾಗಿಹುಲ್ಲು 3 ಕೆಜಿ, ಗರಿಕೆಯಂಥ ಹಸಿ ಹುಲ್ಲು 12ರಿಂದ 15 ಕೆಜಿ, ನಾಲ್ಕು ಹೊತ್ತಿಗೆ ಹಂಚಿ. ಹಗುರ ಕೆಲಸವಿರುವ ಕುದುರೆಗೆ ಹುರುಳಿ 1 ಕೆಜಿ, ಬೂಸ 300 ಗ್ರಾಂ, ಎರಡು ಪಾಲು ಮಾಡಿ. ಹುರುಳಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿ ಆರಿಸಿ ಕೊಡಿ, ಹಸಿಯಾಗಿ ಕೊಟ್ಟದ್ದು ಲದ್ದಿಯಲ್ಲಿ ಇಡಿಯಾಗಿಯೇ ಬೀಳುತ್ತದೆ. ಉಪ್ಪು 30 ಗ್ರಾಂ. ನೀರು 25ರಿಂದ 40 ಲೀಟರ್, ಸೆಕೆಗಾಲದಲ್ಲಿ ಅದಕ್ಕೂ ಹೆಚ್ಚು. ಯಾವ ಮೇವನ್ನೇ ಬದಲಿಸಿದರೂ ಹತ್ತು ದಿನ ತೆಗೆದುಕೊಂಡು ಬದಲಿಸಿ.

ನಮ್ಮ ಕಡೆ ಬೂಸ ಜಾಸ್ತಿ ಹಾಕುವ ರೂಢಿ. ಬೂಸದಲ್ಲಿ ರಂಜಕ (ಫಾಸ್ಫರಸ್) ಸುಣ್ಣದಂಶಕ್ಕಿಂತ ಎಂಟು ಹತ್ತು ಪಟ್ಟು ಹೆಚ್ಚು. ಅದರ ಮೇಲೆ ನೇಪಿಯರ್ ಹುಲ್ಲನ್ನೇ ದಿನವೂ ಕೊಟ್ಟರೆ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಇದ್ದ ಸುಣ್ಣವನ್ನೂ ಕಟ್ಟಿಹಾಕುತ್ತದೆ. ಕುದುರೆ ತನ್ನ ಮೂಳೆಯಿಂದಲೇ ಸುಣ್ಣ ಕರಗಿಸಿಕೊಳ್ಳುತ್ತದೆ. ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಕುಂಟುತ್ತದೆ, ತಿಂಗಳುಗಳ ಮೇಲೆ ಮುಖದ ಮೂಳೆ ಎರಡೂ ಕಡೆ ಊದುತ್ತದೆ. ಬೂಸ ಇಳಿಸಿ, ರಾಗಿಹುಲ್ಲು ಹೆಚ್ಚಿಸಿ, ಹಸಿ ಕುದುರೆಮಸಾಲೆ ಸೊಪ್ಪನ್ನು 2 ಕೆಜಿವರೆಗೆ ಸೇರಿಸಿ. ಕನ್ನಡದವರು ಆ ಸೊಪ್ಪಿಗೆ ಸುಮ್ಮನೆ ಈ ಹೆಸರಿಟ್ಟಿಲ್ಲ.

ಗೊರಸನ್ನು ದಿನಕ್ಕೊಮ್ಮೆ ಕೆದಕಿ ತೆಗೆಯಿರಿ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸಬೇಕು, ಲಾಳ ಸವೆದಿಲ್ಲವೆಂದು ಮೂರು ತಿಂಗಳು ಬಿಡಬಾರದು.

ದಿನದ ಸರದಿ

ಬೆಳಗಿನ ಜಾವ ಮೊದಲು ಕುದುರೆಗೆ ನೀರು, ಆಮೇಲೆ ಹುಲ್ಲು, ಅದಾದ ಮೇಲೆ ಹುರುಳಿ. ಕುದುರೆ ಗೋದಲಿ ನೆಕ್ಕಿ ಮುಗಿಸುವವರೆಗೆ ಕೋಳಿಗೂಡಿನ ಬಾಗಿಲು ತೆಗೆಯಬೇಡಿ. ಮೊದಲೇ ಬಿಟ್ಟರೆ ಕೋಳಿಗಳು ಗೋದಲಿಗೇ ಹಾರಿ ಹುರುಳಿಯ ಮೇಲೆ ಹಿಕ್ಕೆ ಹಾಕುತ್ತವೆ, ಮೂತಿಯ ಬಳಿ ರೆಕ್ಕೆ ಬಡಿದರೆ ಕುದುರೆ ಬೆಚ್ಚಿ ಒದೆಯುತ್ತದೆ. ಆಮೇಲೆ ಬಿಟ್ಟರೆ ಚೆಲ್ಲಿದ್ದನ್ನಷ್ಟೇ ಹೆಕ್ಕುತ್ತವೆ. ಸಂಜೆ ಕತ್ತಲಾಗುವ ಒಂದು ಗಂಟೆ ಮುಂಚೆ ಕೋಳಿ ತಿಂಡಿಯನ್ನು ಗೂಡಿನೊಳಗೇ ಹಾಕಿ ಕರೆಯಿರಿ, ತಿಂಡಿಯ ಆಸೆಗೆ ತಾವಾಗಿಯೇ ಒಳಸೇರುತ್ತವೆ. ಅಂಗಳದಲ್ಲಿ ಎರಚುವುದು ಬೇಡ.

ಹೊಸ ಕೋಳಿಗಳನ್ನು ಒಂದು ವಾರ ಗೂಡಿನಲ್ಲೇ ಇಟ್ಟು ಜಾಲರಿಯಾಚೆಯಿಂದ ಕುದುರೆಗೆ ಪರಿಚಯವಾಗಲು ಬಿಡಿ. ಮರಿಗಳಿರುವ ತಾಯಿಕೋಳಿಯನ್ನು ಎರಡು ತಿಂಗಳು ಕುದುರೆಯ ಅಂಗಳಕ್ಕೆ ಬಿಡಬೇಡಿ. ಕುದುರೆ ಬೇಕೆಂದು ತುಳಿಯುವುದಿಲ್ಲ, ಮರಿ ಕಾಣಿಸುವುದಿಲ್ಲ ಅಷ್ಟೆ.

ಒಂದು ಕೋಳಿ ಕಾಣದಿದ್ದರೆ ಆ ದಿನವೇ ಹುಡುಕಿ, ಹುಲ್ಲಿನ ರಾಶಿಯಲ್ಲೂ ನೋಡಿ. ಮೇವಿನಲ್ಲಿ ಕೊಳೆತ ಕೋಳಿ ಅಥವಾ ಇಲಿಯ ಸುತ್ತ ಹುಟ್ಟುವ ಬಾಟುಲಿಸಂ ವಿಷ ಕುದುರೆಗೆ ತೀರ ಸಣ್ಣ ಪ್ರಮಾಣದಲ್ಲೇ ತಗಲುತ್ತದೆ. ನಾಲಿಗೆ ಸಡಿಲವಾಗುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ನಿಲ್ಲಲೂ ಆಗುವುದಿಲ್ಲ.

ಲದ್ದಿ

ದಿನಕ್ಕೆ 12ರಿಂದ 15 ಕೆಜಿ ಲದ್ದಿ ಬೀಳುತ್ತದೆ. ಸೆಕೆಯಲ್ಲಿ ನೊಣದ ಮೊಟ್ಟೆ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ದಿನವೂ ಲಾಯ ಬಳಿದು ಲದ್ದಿಯನ್ನು ಒಂದು ಮೂಲೆಯಲ್ಲಿ ತೆಳ್ಳಗೆ ಹರಡಿದರೆ ಕೋಳಿಗಳು ಎರಡು ದಿನದಲ್ಲಿ ಕೆದರಿ ಪುಡಿ ಮಾಡುತ್ತವೆ. ಮೂರನೇ ದಿನ ರಾಶಿಗೆ ಸೇರಿಸಿ: ನಾಲ್ಕು ಬುಟ್ಟಿ ಲದ್ದಿಗೆ ಒಂದು ಬುಟ್ಟಿ ಕೋಳಿಗೊಬ್ಬರ, ಮೂರಡಿ ಎತ್ತರ, ಹಿಂಡಿದರೆ ಕೈ ಒದ್ದೆಯಾಗುವಷ್ಟು ತೇವ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಹಸಿ ಕೋಳಿಗೊಬ್ಬರವನ್ನು ಕುದುರೆ ಮೇಯುವ ಹುಲ್ಲುಗಾವಲಿಗೆ ಎರಚಬೇಡಿ, ಸತ್ತ ಕೋಳಿಯ ತುಣುಕು ಅದರಲ್ಲಿದ್ದರೆ ಮೇಲೆ ಹೇಳಿದ ಬಾಟುಲಿಸಂ ಅಪಾಯವೇ ಮತ್ತೆ.

ನೊಣದಿಂದ, ಜೀರುಂಡೆಯಿಂದ ಕೋಳಿಗೆ ಲಾಡಿಹುಳು ಬರುವುದುಂಟು, ಹಾಗಾಗಿ ಮೂರು ತಿಂಗಳಿಗೊಮ್ಮೆ ಹಿಕ್ಕೆ ಪರೀಕ್ಷಿಸಿ ಔಷಧ ಕೊಡಿಸಿ. ಕುದುರೆಗೆ ಐವರ್‌ಮೆಕ್ಟಿನ್ ಕೊಟ್ಟರೆ ಮುಂದಿನ ಒಂದು ವಾರದ ಲದ್ದಿಯನ್ನು ಕೋಳಿಗೆ ಸಿಗದಂತೆ ನೇರವಾಗಿ ರಾಶಿಗೆ ಹಾಕಿ ಮುಚ್ಚಿ, ಔಷಧದ ಬಹುಪಾಲು ಲದ್ದಿಯಲ್ಲೇ ಹೊರಬರುತ್ತದೆ. ಕುದುರೆಗೆ ಅದನ್ನು ಬಾಯಿಯ ಪೇಸ್ಟಾಗಿ ಕೊಡಿಸಿ, ದನದ ಇಂಜೆಕ್ಷನ್ ಬೇಡ.

ಕೋಳಿಗಳ ಬಗ್ಗೆ

ಮೊಟ್ಟೆಗಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಸ್ವರ್ಣಧಾರ, ಮಾಂಸಕ್ಕಾದರೆ ಗಿರಿರಾಜ. ಗಿರಿರಾಜ ಭಾರ, ಹಾರಿ ತಪ್ಪಿಸಿಕೊಳ್ಳಲಾರದು. ಕುದುರೆಯ ಕಾಲಡಿಯಲ್ಲಿ ಓಡಾಡಲು ಚುರುಕಾದ ನಾಟಿ ಕೋಳಿಯೇ ಸರಿ. ಕಾವು ಕೂರಿಸಲೂ ನಾಟಿ ಹೇಂಟೆಯೇ ಬೇಕು. ಹತ್ತರಿಂದ ಹನ್ನೆರಡು ಮೊಟ್ಟೆ ಇಡಿ, ಏಳನೇ ರಾತ್ರಿ ಟಾರ್ಚಿನ ಎದುರು ಹಿಡಿದು ನರ ಕಾಣದ ಮೊಟ್ಟೆಗಳನ್ನು ತೆಗೆಯಿರಿ, 21ನೇ ದಿನ ಮರಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮರಿ ಹುಟ್ಟಿದ ಐದರಿಂದ ಏಳನೇ ದಿನ ಲಾಸೋಟಾ ಲಸಿಕೆ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌ಟುಬಿ ಎಂಬ ಲಸಿಕೆ 0.5 ಮಿಲಿಲೀಟರ್ ಚರ್ಮದಡಿಗೆ. ಮೊದಲಿನ ಲಾಸೋಟಾ ಇಲ್ಲದೆ ನೇರವಾಗಿ ಆರ್‌ಟುಬಿ ಚುಚ್ಚಿದರೆ ಲಸಿಕೆಯಿಂದಲೇ ಮರಿಗಳು ಕಾಲು ಬಿದ್ದು ಸಾಯಬಹುದು. ಸಿಡುಬಿನ ಲಸಿಕೆ ಆರನೇ ವಾರ. ಸೀಸೆಯೊಂದರಲ್ಲಿ ನೂರು ಡೋಸಾದರೂ ಇರುತ್ತದೆ, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ವ್ಯರ್ಥವಾಗುವುದಿಲ್ಲ. ಮರಿಗಳಿಗೆ ರಕ್ತಭೇದಿಯಾದರೆ ಆಂಪ್ರೋಲಿಯಂ 20 ಪ್ರತಿಶತದ ಪುಡಿ, ಲೀಟರ್ ನೀರಿಗೆ 1.2 ಗ್ರಾಂ, ಐದು ದಿನ. ಮೇಲೆ ಹೇಳಿದ ವಿಷದ ಗುಂಪಿಗೆ ಇದು ಸೇರಿಲ್ಲ. ಆದರೂ ಆ ನೀರು ಗೂಡಿನೊಳಗೇ ಇರಲಿ.

ಕುದುರೆ ಕೋಳಿ ತಿಂಡಿ ತಿಂದುಬಿಟ್ಟರೆ

ಉಳಿದ ತಿಂಡಿಯನ್ನು ತಕ್ಷಣ ತೆಗೆದು, ಎಷ್ಟು ಹೋಗಿದೆಯೆಂದು ತೂಗಿ. ಚೀಲದ ಚೀಟಿಯನ್ನು ಕಿತ್ತಿಟ್ಟುಕೊಂಡು ಪಶುವೈದ್ಯರಿಗೆ ಫೋನು ಮಾಡಿ ಔಷಧದ ಹೆಸರು ಓದಿ ಹೇಳಿ. ಲಕ್ಷಣ ಕಾಣಲಿ ಎಂದು ಕಾಯಬೇಡಿ. ಜಠರಕ್ಕೆ ಮೂಗಿನಿಂದ ನಳಿಕೆ ಇಳಿಸಿ ಇದ್ದಿಲಪುಡಿ ಕೊಡುವುದೆಲ್ಲ ಮೊದಲ ಕೆಲವು ಗಂಟೆಗಳಲ್ಲೇ ಆಗಬೇಕು. ಸೀಸೆಯಿಂದ ಎಣ್ಣೆ, ಕಷಾಯ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ರೋಗ. ಔಷಧದ ಶಂಕೆಯಿದ್ದರೆ ಕುದುರೆಯನ್ನು ನಡೆಸಲೂ ಬೇಡಿ, ಹೃದಯಕ್ಕೆ ಶ್ರಮ.

ತಿಂಡಿ ಮನೆಯಲ್ಲಿ ಬೆರೆಸಿದ್ದು, ಔಷಧವಿಲ್ಲದ್ದು ಎಂದು ಖಾತ್ರಿಯಿದ್ದರೂ ಅಪಾಯ ಮುಗಿಯಲಿಲ್ಲ. ಮೆಕ್ಕೆಜೋಳ ದೊಡ್ಡಕರುಳಿನಲ್ಲಿ ಹುದುಗಿ ಶೂಲೆ, ಗೊರಸಿನ ಉರಿಯೂತ ತರುತ್ತದೆ. ಎರಡು ದಿನ ಕಾಳು ನಿಲ್ಲಿಸಿ ಹುಲ್ಲು, ನೀರು ಮಾತ್ರ ಕೊಡಿ. ದವಡೆಯಡಿ ಬೆರಳಿಟ್ಟು ನಾಡಿ ಎಣಿಸಿ: ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ, 60 ದಾಟಿದರೆ ತುರ್ತು. ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಹೊರಳುವುದು ಶೂಲೆಯ ಗುರುತು. ಮುಂಗಾಲು ಮುಂದೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಂತಿದ್ದು, ಗೊರಸು ಮುಟ್ಟಿದರೆ ಬಿಸಿಯಾಗಿದ್ದರೆ ಉರಿಯೂತ ಶುರುವಾಗಿದೆ. ವೈದ್ಯರು ಬರುವವರೆಗೆ ಗೊರಸುಗಳನ್ನು ಮಂಜುಗಡ್ಡೆ ನೀರಿನಲ್ಲಿ ಇಳಿಸಿ ನಿಲ್ಲಿಸಿ, ನೀರು ಬೆಚ್ಚಗಾದಂತೆಲ್ಲ ಹೊಸ ಗಡ್ಡೆ ಹಾಕುತ್ತಿರಿ.